ಮಂದಾರಕ್ಕೆ ಹೊದಿಸಿದ ಬಳ್ಳಿ

ಆ ಮರ ಬಿದ್ದಾಗ ನಾನು ಅದರಿಂದ ಹನ್ನೆರಡು ಹೆಜ್ಜೆ ದೂರದಲ್ಲಿದ್ದೆ. ಆಮೇಲೆ ಹೆಜ್ಜೆ ಹಾಕಿ ಅಳೆದಿದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಅದರ ಮೇಲೆ ಬಳ್ಳಿ ಹಬ್ಬಿಸಿದವನು ನಾನೇ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹುಣಸೂರಿನ ಹತ್ತಿರ ನನ್ನದೊಂದು ಸಣ್ಣ ಸಸ್ಯಕ್ಷೇತ್ರ ಇತ್ತು. ಸಸಿ ಮಾರುವುದರ ಜೊತೆಗೆ ಮನೆ, ಶಾಲೆ, ಆಸ್ಪತ್ರೆಗಳ ಅಂಗಳದಲ್ಲಿ ತೋಟ ಮಾಡಿಕೊಡುವ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದೆ. ಹ್ಯಾಂಡ್‌ಪೋಸ್ಟ್‌ನಿಂದ ಸ್ವಲ್ಪ ದೂರದಲ್ಲಿ, ಕೋಟೆ ತಾಲ್ಲೂಕಿನಲ್ಲಿ, ಒಂದು ಸಣ್ಣ ಹೆರಿಗೆ ಆಸ್ಪತ್ರೆ ಇತ್ತು. ಊರಿನವರದೇ ಒಂದು ಸಮಿತಿ ಅದನ್ನು ನಡೆಸುತ್ತಿತ್ತು. ಅಲ್ಲಿನ ಡಾಕ್ಟರಮ್ಮ ನನ್ನನ್ನು ಕರೆಸಿ ಮುಂದಿನ ಅಂಗಳ ತೋರಿಸಿದರು. ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು ಮಂದಾರದ ಮರಗಳು. ಆರು ವರ್ಷದವು, ಹದಿನಾಲ್ಕು ಅಡಿ ಎತ್ತರ, ಕಾಂಡ ನನ್ನ ಮೊಣಕಾಲಿನಷ್ಟು ದಪ್ಪ. ಪ್ರತಿ ಮರದ ಕೆಳಗೂ ಒಂದು ಕಲ್ಲುಬೆಂಚು.

"ಬಸುರಿಯನ್ನ ಒಳಗೆ ಬಿಟ್ಟು ಮನೆಯವರು ಇಲ್ಲಿ ಎರಡು ದಿನ, ಮೂರು ದಿನ ಕೂರುತ್ತಾರೆ. ಮಂದಾರ ಹೂ ಬಿಡೋದು ಚಳಿಗಾಲದಲ್ಲಿ. ಮಿಕ್ಕ ಕಾಲದಲ್ಲಿ ಅವರಿಗೆ ನೋಡೋಕೆ ನಮ್ಮ ಗೋಡೆ ಒಂದೇ" ಅಂದರು ಡಾಕ್ಟರಮ್ಮ.

ಬಳ್ಳಿ ಹಬ್ಬಿಸೋಣ ಎಂದು ನಾನು ಹೇಳಿದೆ. ಕೆ.ಆರ್. ನಗರದಲ್ಲಿ ಒಂದು ಮನೆಯ ಸೀಬೆ ಮರಕ್ಕೆ ಜಾಜಿ ಹಬ್ಬಿಸಿದ್ದೆ. ಸಾಲಿಗ್ರಾಮದ ಒಂದು ಶಾಲೆಯಲ್ಲಿ ದೇವಗಣಗಿಲೆಗೆ ನೀಲಿ ಶಂಖಪುಷ್ಪ ಹಬ್ಬಿಸಿದ್ದೆ. ಎರಡೂ ಚೆನ್ನಾಗಿ ಬಂದಿದ್ದವು. ಬಳ್ಳಿಗೆ ಮರ ಜೋಡಿಸುವಾಗ ನಾನು ಮೂರು ವಿಷಯ ನೋಡುತ್ತಿದ್ದೆ. ಮರ ಬಳ್ಳಿಗಿಂತ ನಾಲ್ಕೈದು ವರ್ಷ ಹಿರಿದಾಗಿರಬೇಕು. ಮರದ ಎಲೆಯ ಸಂದಿನಿಂದ ಬಳ್ಳಿಗೆ ಬಿಸಿಲು ಇಳಿಯಬೇಕು. ಎರಡೂ ಬೇರೆ ಬೇರೆ ಕಾಲದಲ್ಲಿ ಹೂ ಬಿಡಬೇಕು. ಈ ಮೂರರಲ್ಲೂ ಮಂದಾರ ಗೆದ್ದಿತು. ಅದಕ್ಕೆ ಜೊತೆಯಾಗಿ ಮಧುಮಾಲತಿ ಆರಿಸಿದೆ. ಅದರ ಹೂ ಸಂಜೆ ಬಿಳಿಯಾಗಿ ಅರಳಿ, ಮಾರನೇ ದಿನ ಗುಲಾಬಿಯಾಗಿ, ಮೂರನೇ ದಿನ ಕೆಂಪಾಗುತ್ತದೆ. ಒಂದೇ ಗೊಂಚಲಿನಲ್ಲಿ ಮೂರು ಬಣ್ಣ. ಎರಡು ದಿನ ಕಾಯುವವರಿಗೆ ಅದು ಸರಿಯಾದ ಹೂವು ಅನ್ನಿಸಿತು.

ನಾಲ್ಕನೇ ವಿಷಯ ಗಾಳಿ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಆಷಾಢದ ಗಾಳಿ ಎಲೆ ಅಲ್ಲಾಡಿಸಿ ಹೋಗುತ್ತದೆ. ಕೋಟೆಯ ಕಡೆ ಅದು ಕೇರಳದ ಬೆಟ್ಟ ಇಳಿದು ನೇರವಾಗಿ ಬರುತ್ತದೆ, ಜೊತೆಗೆ ಬಿಡದ ಸೋನೆ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ತಂದೆ. ಇದು ನನ್ನ ಮೊದಲ ತಪ್ಪು.

ನೆಡುವ ಕೆಲಸವನ್ನು ಮಾತ್ರ ಒಪ್ಪವಾಗಿ ಮಾಡಿದೆ. ಕಾಂಡಕ್ಕೆ ಅಂಟಿಕೊಂಡಂತೆ ಬಳ್ಳಿ ನೆಟ್ಟರೆ ಮರದ ಬೇರು ಅದನ್ನು ಬದುಕಲು ಬಿಡುವುದಿಲ್ಲ. ಕಾಂಡದಿಂದ ಮೂರಡಿ ದೂರ, ಒಂದೂವರೆ ಅಡಿ ಗುಂಡಿ. ತಳ ಒಡೆದ ಹಳೆಯ ಮಣ್ಣಿನ ಕುಂಡವನ್ನು ಗುಂಡಿಯೊಳಗೆ ಇಳಿಸಿ, ಅದರೊಳಗೆ ಸಸಿ. ಮೊದಲ ಒಂದೆರಡು ವರ್ಷ ಮರದ ಬೇರು ಒಳಗೆ ನುಗ್ಗದಂತೆ ಆ ಕುಂಡ ತಡೆಯುತ್ತದೆ. ಸಸಿಯಿಂದ ಮರದ ಮೊದಲ ಕವಲಿಗೆ ಓರೆಯಾಗಿ ಒಂದು ಬಿದಿರ ಗಳು. ಕಟ್ಟಲು ಬಾಳೆಯ ನಾರು ಮಾತ್ರ, ಏಕೆಂದರೆ ಅದು ಒಂದು ಮಳೆಗಾಲದಲ್ಲಿ ತಾನೇ ಕೊಳೆತು ಬಿಟ್ಟುಕೊಡುತ್ತದೆ. ತಂತಿ ಕಟ್ಟಿದರೆ ತೊಗಟೆಯನ್ನು ಕುಯ್ಯುತ್ತದೆ. ಮಧ್ಯಾಹ್ನದ ಬಿಸಿಲು ಚೆನ್ನಾಗಿ ಸಿಗಲೆಂದು ಎಂಟು ಗುಂಡಿಗಳನ್ನೂ ಪಡುವಣ ಬದಿಗೆ ತೋಡಿಸಿದೆ. ಗಾಳಿ ಬರುವುದೂ ಅದೇ ಬದಿಯಿಂದ ಎಂಬುದು ಆಗ ಹೊಳೆಯಲಿಲ್ಲ.

ನೀರು ಹಾಕಲು, ಅಂಗಳ ಗುಡಿಸಲು ಆಸ್ಪತ್ರೆಯವರು ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದರು. ಪಿರಿಯಾಪಟ್ಟಣದ ಕಡೆಯವಳು, ನಲವತ್ತರ ಆಸುಪಾಸು, ಮದುವೆಯಾಗಿ ಈ ಕಡೆ ಬಂದವಳು. ಅಲ್ಲಿಯವರೆಗೂ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ ತಿಂಗಳ ಸಂಬಳದ ಮೊದಲ ಕೆಲಸ ಇದು. ಮಾತು ಕಡಿಮೆ. ನಾನು ಹದಿನೈದು ದಿನಕ್ಕೊಮ್ಮೆ ಹುಣಸೂರಿನಿಂದ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹೇಳಿದ ಕೆಲಸ ಒಂದೂ ತಪ್ಪಿರುತ್ತಿರಲಿಲ್ಲ.

ಮೊದಲ ವರ್ಷ ಬಳ್ಳಿ ಬೇರು ಬಿಟ್ಟುಕೊಂಡಿತು. ಎರಡನೇ ಬೇಸಿಗೆಗೆ ಗಳು ದಾಟಿ ಕವಲಿಗೆ ಹತ್ತಿ, ಮಳೆಗಾಲದ ಹೊತ್ತಿಗೆ ಮರದ ನೆತ್ತಿ ಮುಟ್ಟಿತು. ಎಂಟರಲ್ಲಿ ಏಳು ಮರಗಳ ಮೇಲೆ ಗೊಂಚಲು ಗೊಂಚಲಾಗಿ ಹೂ ಜೋತುಬಿದ್ದವು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ನನಗೂ ಹೆಮ್ಮೆಯಿತ್ತು.

ಎಂಟನೆಯದು ನಲ್ಲಿಯ ಪಕ್ಕದ ಮರ. ಅದರ ಬಳ್ಳಿ ಮೇಲಕ್ಕೇ ಹೋಗಲಿಲ್ಲ. ಕೆಳಗಿನ ಕವಲುಗಳಲ್ಲಿ ಗಿಡ್ಡಗೆ, ಒತ್ತಾಗಿ ಚಿಗುರಿಕೊಂಡು ಕೂತಿತ್ತು. ಬೇಸಿಗೆ ಪೂರ್ತಿ ಒಂದು ಹೂವಿಲ್ಲ. ನಲ್ಲಿಯ ಹತ್ತಿರ ಬಟ್ಟೆ ಒಗೆದ ಸೋಪಿನ ನೀರು ಬುಡಕ್ಕೆ ಹೋಗುತ್ತಿದೆ ಎಂದುಕೊಂಡೆ. ಮಣ್ಣು ಬಿಡಿಸಿ, ಕಾಲುವೆ ತಿರುಗಿಸಿ, ಬೂದಿ, ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರ ಎಲ್ಲ ಹಾಕಿಸಿದೆ. ಆ ಹೆಂಗಸೇ ಮಂಕರಿಯಲ್ಲಿ ಗೊಬ್ಬರ ಹೊತ್ತು ತಂದಳು. "ಈ ಬಳ್ಳಿ ಜಾತಿಯೇ ಸರಿಯಿಲ್ಲ ಕಣಮ್ಮ, ಇದನ್ನ ಕಿತ್ತು ಬೇರೆ ಹಾಕೋಣ" ಎಂದು ಮೂರನೇ ವರ್ಷದ ಬೇಸಿಗೆಯಲ್ಲಿ ಹೇಳಿದೆ. "ಊಂ ಕಣಣ್ಣ" ಅಂದಳು. ಅಷ್ಟೇ.

ಆ ವರ್ಷ ಆಸ್ಪತ್ರೆಗೆ ಹೊಸ ಹೆರಿಗೆ ಕೋಣೆ ಕಟ್ಟಿಸಿದ್ದರು. ಶ್ರಾವಣದಲ್ಲಿ ಅದರ ಉದ್ಘಾಟನೆ. ದೊಡ್ಡವರು ಬರುತ್ತಾರೆ, ಅಂಗಳ ಹೂವಿನಿಂದ ತುಂಬಿರಬೇಕು ಎಂದು ಸಮಿತಿಯ ಕಾರ್ಯದರ್ಶಿಗಳು ಹೇಳಿಕಳಿಸಿದ್ದರು. ಅದನ್ನು ನೋಡಿಕೊಳ್ಳಲೆಂದೇ ಆಷಾಢದಲ್ಲಿ ಒಂದು ಬೆಳಿಗ್ಗೆ ಹೋಗಿದ್ದೆ. ನಾಲ್ಕು ದಿನದಿಂದ ಸೋನೆ ಹಿಡಿದಿತ್ತು. ಹತ್ತೂವರೆಯ ಹೊತ್ತು. ಮುಂದಿನ ಸಾಲಿನ ಮೂರನೇ ಮರದ ಕೆಳಗೆ ಒಬ್ಬ ಮುದುಕರು ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಆಗಷ್ಟೇ ಕಾಫಿ ತರಲು ಎದ್ದು ಹೋಗಿದ್ದರು.

ಮುರಿಯುವ ಸದ್ದು ಬರಲಿಲ್ಲ. ಗೋಣಿಚೀಲ ಹರಿದಂತೆ ಒಂದು ಸದ್ದು ಬಂತು, ಅದೂ ನೆಲದಿಂದ. ಮರ ನಿಧಾನವಾಗಿ ಮೂಡಲಿಗೆ ವಾಲಿತು, ಒಂದು ಕ್ಷಣ ನಿಂತಿತು, ಆಮೇಲೆ ಬಂದೇಬಿಟ್ಟಿತು. ಆ ಒಂದು ಕ್ಷಣದಲ್ಲಿ ನಾನು "ಏಳಿ" ಎಂದು ಕೂಗಬಹುದಿತ್ತು. ಕೂಗಲಿಲ್ಲ.

ಕಾಂಡ ಕಲ್ಲುಬೆಂಚಿನ ತುದಿಗೆ ತಗುಲಿ ನಿಂತಿತು. ಇಲ್ಲದಿದ್ದರೆ ಆ ಮುದುಕರು ಉಳಿಯುತ್ತಿರಲಿಲ್ಲ. ಒಂದು ಕೊಂಬೆ ಭುಜಕ್ಕೆ ಬಡಿದು, ಬಳ್ಳಿಯ ರಾಶಿ ಅವರ ಮೇಲೆ ಮುಚ್ಚಿಕೊಂಡಿತು. ಮಧುಮಾಲತಿಯಲ್ಲಿ ಎಲೆ ಉದುರಿದ ಮೇಲೆ ಅದರ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಿನಂತೆ ಉಳಿಯುತ್ತದೆ. ನಾವು ನಾಲ್ಕು ಜನ ಬರಿಗೈಯಲ್ಲಿ ಅದನ್ನು ಎಳೆದೆವು. ಒಳಗಿನಿಂದ ಅವರು "ಮೆತ್ಗೆ ಎಳ್ರಪ್ಪೋ, ಕಿವಿ ಕಿತ್ಕೊಂಡ್ ಬತ್ತದೆ" ಎಂದು ಕೂಗಿದಾಗ ನನಗೆ ಉಸಿರು ಬಂತು. ಭುಜದ ಮುಂದಿನ ಮೂಳೆ ಮುರಿದಿತ್ತು. ಅವರ ಸೊಸೆಗೆ ಅದೇ ಸಂಜೆ ಅದೇ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು.

ಮಧ್ಯಾಹ್ನ ಬಿದ್ದ ಮರದ ಬುಡ ನೋಡಿದೆ. ಬೇರು ಕೊಳೆತಿರಲಿಲ್ಲ, ಹುಳು ಹತ್ತಿರಲಿಲ್ಲ, ತೋಳುದ್ದದ ಬೇರುಗಳು ಎಲ್ಲ ದಿಕ್ಕಿಗೂ ಹೋಗಿದ್ದವು. ಬೇರಿನ ತಪ್ಪಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸಂಜೆಗೆ ಕಾರ್ಯದರ್ಶಿಗಳು ಬಂದರು. ರಸ್ತೆಯ ಆಚೆ ಅವರದೇ ಹೊಗೆಸೊಪ್ಪಿನ ಹೊಲ, ಸೊಪ್ಪು ಹದ ಮಾಡುವ ಬ್ಯಾರನ್ನು. ಒರಟಾಗಿ ಮಾತಾಡಿದರೂ ಯೋಚಿಸಿ ಮಾತಾಡುವವರು.

"ಏನ್ರೀ ಇದು? ಜೀವ ಉಳಿಸೋ ಜಾಗದಲ್ಲಿ ಜೀವ ತೆಗೆಯೋ ಮರ ಸಾಕಿದ್ದೀರಲ್ಲ!" ಅಂದರು.

ನಾನು ತಪ್ಪು ನನ್ನದು ಎಂದೆ.

"ತಪ್ಪು ಯಾರದಾದ್ರೂ ಆಗಲಿ. ಮರದ ಸುತ್ತ ಹಗ್ಗ ಕಟ್ಟಿಸ್ತೀನಿ, ಒಬ್ಬರೂ ಹತ್ತಿರ ಹೋಗೋದು ಬೇಡ. ಹೇಗೂ ಹೂವಿದೆ, ಫಂಕ್ಷನ್ ಮುಗಿಯೋವರೆಗೆ ಇರಲಿ. ಮಾರನೇ ದಿನವೇ ಏಳನ್ನೂ ಕಡಿಸಿಬಿಡ್ತೀನಿ."

ಡಾಕ್ಟರಮ್ಮ ಕಿಟಕಿಯಿಂದ ಅಂಗಳ ನೋಡುತ್ತಿದ್ದರು. ಮರ ಹೋದರೆ ಅಲ್ಲಿ ಉಳಿಯುವುದು ಎಂಟು ಕಲ್ಲುಬೆಂಚು, ಮೇಲೆ ಬಿಸಿಲು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಎದುರು ಮಾತಾಡುವ ಯೋಗ್ಯತೆ ನನಗಿರಲಿಲ್ಲ.

ಹೊರಡುವ ಮುಂಚೆ ಮುದುಕರ ಹತ್ತಿರ ಹೋದೆ. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದರು. ಯಾರು ಎಂದು ಹೇಳಿಕೊಂಡೆ. ಕೈ ಮುಗಿದೆ.

"ನೀನೇನಾ ಮಾಲಿ? ಕುಂತ್ಕೊ ಮಗ" ಅಂದರು. ಆಮೇಲೆ, "ನಾನು ಎಪ್ಪತ್ತು ಮಳೆ ಕಂಡೋನು. ಮರ ಬೀಳೋದು ಕಂಡಿವ್ನಿ. ಇದು ಮರ ಬಿದ್ದುದ್ದಲ್ಲ ಕಣಪ್ಪ, ನೀನು ಒದಿಸಿದ್ ಕಂಬ್ಳಿ ಬಿದ್ದುದ್ದು. ನೆಂದ ಕಂಬ್ಳಿ ಒದ್ಕೊಂಡು ಗಾಳೀಲಿ ನೀನೇ ನಿಂತ್ಕೊಂಡ್ ನೋಡು, ಎಷ್ಟೊತ್ ನಿಂತೀಯ" ಅಂದರು.

ಅವರ ಹೆಂಡತಿ ಪಕ್ಕದಿಂದ, "ಸುಮ್ಕಿರಿ, ಮೂಳೆ ಮುರ್ದ್ರೂ ಬಾಯಿ ಮುರೀನಿಲ್ಲ" ಎಂದು ಗದರಿದರು.

ಆ ರಾತ್ರಿ ಹ್ಯಾಂಡ್‌ಪೋಸ್ಟ್‌ನಲ್ಲೇ ಉಳಿದೆ. ಬೆಳಿಗ್ಗೆ ಮೊದಲು ಮಾಡಿದ ಕೆಲಸ ತೂಕ. ಬಿದ್ದ ಮರದಿಂದ ಬಳ್ಳಿಯನ್ನು ಪೂರ್ತಿ ಬಿಡಿಸಿ, ನಾಲ್ಕು ಹೊರೆ ಕಟ್ಟಿ, ಕಾರ್ಯದರ್ಶಿಗಳ ಬ್ಯಾರನ್ನಿನಲ್ಲಿ ಸೊಪ್ಪಿನ ಬೇಲು ತೂಗುವ ತಕ್ಕಡಿಯಲ್ಲಿ ತೂಗಿದೆ. ಒದ್ದೆ ಬಳ್ಳಿ ಎಂಬತ್ತಾರು ಕೇಜಿ ಬಂತು. ನಾನು ಮನಸ್ಸಿನಲ್ಲಿ ಇಪ್ಪತ್ತೈದು ಅಂದುಕೊಂಡಿದ್ದೆ. ತೂಗಿದವನು ನನ್ನ ಮುಖ ನೋಡಿ, "ಯಾಕ್ ಸಾ, ಕಮ್ಮಿ ಬಂತಾ?" ಅಂದ.

ಆಮೇಲೆ ಉಳಿದ ಏಳು ಮರಗಳನ್ನು ನೋಡಿದೆ. ಗಾರೆ ಕೆಲಸದವರ ತೂಕದ ಗುಂಡು ಎರವಲು ತಂದು, ಪ್ರತಿ ಮರಕ್ಕೂ ಆಳೆತ್ತರದಲ್ಲಿ ಸುಣ್ಣದ ಗುರುತು ಹಾಕಿ, ಅಲ್ಲಿಂದ ದಾರ ಇಳಿಬಿಟ್ಟೆ. ಬುಡದಲ್ಲಿ ದಾರಕ್ಕೂ ಕಾಂಡಕ್ಕೂ ನಡುವೆ ಎಷ್ಟು ಬೆರಳು ಎಂದು ಬರೆದುಕೊಂಡೆ. ಆರು ಮರ ಮೂಡಲಿಗೆ ವಾಲಿದ್ದವು, ಎರಡು ಬೆರಳಿನಿಂದ ಐದು ಬೆರಳಿನವರೆಗೆ. ಅವುಗಳ ಪಡುವಣ ಬದಿಯ ನೆಲದಲ್ಲಿ ಸಣ್ಣ ಬಿರುಕಿತ್ತು. ಎರಡು ಕಡೆ ನನ್ನ ಬೆರಳು ಒಳಗೆ ಹೋಯಿತು.

ನಲ್ಲಿಯ ಮರ ನೆಟ್ಟಗಿತ್ತು. ಬಿರುಕಿಲ್ಲ. ದಾರ ಕಾಂಡಕ್ಕೆ ಅಂಟಿಕೊಂಡೇ ಇಳಿಯಿತು.

ಯಾವ ಬಳ್ಳಿಯನ್ನು ಕಿತ್ತು ಎಸೆಯಬೇಕೆಂದು ಹೇಳಿದ್ದೆನೋ ಅದನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಯಾವ ಚಿಗುರಿಗೂ ತುದಿ ಇರಲಿಲ್ಲ. ದನ ಮೇಯ್ದರೆ ಜಗ್ಗಿದಂತಿರುತ್ತದೆ. ಹುಳು ತಿಂದರೆ ಅಂಚು ಕಪ್ಪಾಗುತ್ತದೆ. ಇದು ಎರಡನೇ ಜೊತೆ ಎಲೆಯ ಮೇಲೆ ನೀಟಾಗಿ ಮುರಿದದ್ದು. ಹಳೆಯ ಗಾಯ, ಅದರ ಕೆಳಗೆ ಕವಲೊಡೆದ ಚಿಗುರು, ಅದರ ತುದಿಯಲ್ಲಿ ಮತ್ತೆ ಗಾಯ. ನಲ್ಲಿಯ ಕಟ್ಟೆಯ ಮೇಲೆ ನಿಂತು ಕೈ ಎತ್ತಿದರೆ ಎಷ್ಟು ಎತ್ತರಕ್ಕೆ ಸಿಗುತ್ತದೋ ಅಷ್ಟು ಎತ್ತರದವರೆಗೆ ಹೀಗೆ. ಅದರ ಮೇಲೆ ಬಳ್ಳಿಯೇ ಇರಲಿಲ್ಲ.

ಆ ಹೆಂಗಸು ಪೊರಕೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದಳು. ಗುಡಿಸುತ್ತಿರಲಿಲ್ಲ.

"ಇದನ್ನ ಮುರಿದದ್ದು ಯಾರಮ್ಮ?" ಎಂದು ಕೇಳಿದೆ.

ಪೊರಕೆ ಕೆಳಗಿಟ್ಟು, "ಬೇಕು ಅಂತ ಮುರೀನಿಲ್ಲ ಕಣಣ್ಣ" ಅಂದಳು. "ಕೊಡ ತುಂಬೋಗಂಟ ನಿಂತಿರ್ತೀನಲ್ಲ, ಕೈ ಸುಮ್ಕಿರಕಿಲ್ಲ. ಅನ್ನೆರಡು ವರ್ಸದವ್ಳಿಂದ ಒಗೆಸೊಪ್ಪಿನ ಕುಡಿ ಮುರ್ದ ಕೈ ಇದು. ಗಿಡ ತಲೆ ಎತ್ತಿ ಊ ಬುಡಕ್ ಬಂತು ಅಂದ್ರೆ ಬೆರಳು ತಾನೇ ಓಯ್ತದೆ."

"ಎರಡು ವರ್ಷ ನಾನು ಇಲ್ಲಿ ಗೊಬ್ಬರ ಹಾಕಿಸ್ತಾ ಇದ್ದೆನಲ್ಲ. ಆಗ ಯಾಕೆ ಹೇಳಲಿಲ್ಲ?"

"ಎಂಗೇಳ್ಳಿ? ನೀವು ಅಷ್ಟೊಂದು ಬೇವಿನಿಂಡಿ ಸುರ್ಸ್ಬುಟ್ಟಿದ್ರಿ. ಈಗೇಳುದ್ರೆ ಕೆಲ್ಸ ಓಯ್ತದೆ ಅಂತ ಎದ್ರಿಕೆ. ನಿಲ್ಸಾನ ಅಂತ್ಲೂ ನೋಡ್ದೆ, ಆಗ್ನಿಲ್ಲ." ಆಮೇಲೆ, "ಈಗ ಕೆಲ್ಸದಿಂದ ತೆಗ್ಸ್ಬುಡ್ತೀರಾ?" ಅಂದಳು.

ಹೊಗೆಸೊಪ್ಪು ಬೆಳೆಯದ ಸೀಮೆಯವರಿಗೆ ಒಂದು ಮಾತು ಹೇಳಬೇಕು. ಆ ಗಿಡದಲ್ಲಿ ಬೆಲೆ ಇರುವುದು ಎಲೆಗೆ. ಮೊಗ್ಗು ಕಂಡ ತಕ್ಷಣ ಕುಡಿ ಮುರಿಯುತ್ತಾರೆ, ಆಮೇಲೆ ಎಲೆಯ ಸಂದಿನಲ್ಲಿ ಬರುವ ಮರಿಚಿಗುರನ್ನೂ ಚಿವುಟುತ್ತಾರೆ. ಹೂವನ್ನು ಗಿಡದಲ್ಲಿ ನಿಲ್ಲಲು ಬಿಡುವುದೇ ಅಲ್ಲಿ ಸೋಮಾರಿತನದ ಗುರುತು. ಹೂವಿಗಾಗಿಯೇ ಬೆಳೆಸಿದ ಬಳ್ಳಿಯ ಹೂ ಮುರಿಯುವ ತಪ್ಪನ್ನು ನಮ್ಮ ಸೀಮೆಯ ಕೈ ಮಾತ್ರ ಮಾಡಬಲ್ಲದು. ಆ ತಪ್ಪು ನಡೆದ ಮರ ಒಂದೇ ನೆಟ್ಟಗಿತ್ತು.

"ಕೆಲಸದಿಂದ ತೆಗೆಸೋದಿಲ್ಲ. ಇನ್ನೂ ಆರು ಮರ ಇವೆ, ಹೀಗೇ ಮುರಿಯೋಕೆ ನನಗೆ ಕಲಿಸಿಕೊಡಮ್ಮ" ಅಂದೆ. ಅವಳು ನಂಬಲಿಲ್ಲ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು.

ನಾನು ನೇರ ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರ ಹೊಲದಲ್ಲೂ ಅಂದು ಕುಡಿ ಮುರಿಯುತ್ತಿದ್ದರು. ಎಂಬತ್ತಾರು ಕೇಜಿಯ ವಿಷಯ ಹೇಳಿದೆ. ಆಮೇಲೆ ಕೇಳಿದೆ, "ಕುಡಿ ಮುರಿಯದೆ ಬಿಟ್ಟ ಗಿಡ ಆಷಾಢದ ಗಾಳಿಗೆ ಏನಾಗುತ್ತೆ ಸ್ವಾಮಿ?"

"ತಲೆಭಾರ ಆಗಿ ಮಲಗ್ತದೆ. ಅದೂ ಒಂದು ಪ್ರಶ್ನೆಯೇ?" ಅಂದವರು ಮಾತು ನಿಲ್ಲಿಸಿ ರಸ್ತೆಯಾಚೆ ಅಂಗಳದ ಕಡೆ ನೋಡಿದರು. ನಾನು ಮುಂದೆ ಹೇಳಬೇಕಾಗಲಿಲ್ಲ. "ಸರಿ ಕಣ್ರೀ, ಆದ್ರೆ ಮುರಿದರೆ ಫಂಕ್ಷನ್‌ಗೆ ಹೂವು?"

"ಒಂದೂ ಇರೋದಿಲ್ಲ."

"ಮೂರು ವರ್ಷದಿಂದ ಆ ಹೂವಿಗೋಸ್ಕರ ತಾನೆ ನಿಮ್ಮನ್ನ ಇಟ್ಟುಕೊಂಡದ್ದು?"

"ಹೌದು. ಹೂ ಉಳಿಸಿದರೆ ಫಂಕ್ಷನ್ ಆದ ಮೇಲೆ ಮರ ಇರೋದಿಲ್ಲ. ಹೂ ಮುರಿದರೆ ಮರ ಉಳಿಯುತ್ತೆ ಅಂತ ನನ್ನ ನಂಬಿಕೆ. ನೀವು ಹಗ್ಗ ಬಿಚ್ಚಬೇಡಿ. ಎಂಟು ದಿನಕ್ಕೊಮ್ಮೆ ನಾನು ದಾರ ಇಳಿಬಿಟ್ಟು ಅಳೆಯುತ್ತೀನಿ. ಅರ್ಧ ಬೆರಳು ಹೆಚ್ಚು ವಾಲಿದ ಮರವನ್ನ ನಾನೇ ಬಂದು ಹೇಳಿ ಕಡಿಸ್ತೀನಿ."

ಅವರು ಅದನ್ನು ಕಾಗದದಲ್ಲಿ ಬರೆದುಕೊಡಿ ಅಂದರು. ಬರೆದುಕೊಟ್ಟೆ. ಡಾಕ್ಟರಮ್ಮ ಓದಿ, "ಹೂವಿಲ್ಲದಿದ್ದರೆ ಬಂದವರಿಗೆ ನಾನು ಉತ್ತರ ಹೇಳ್ತೀನಿ. ಮರ ಇರಲಿ" ಅಂದರು.

ಕೆಲಸ ನಾಲ್ಕು ದಿನ ಹಿಡಿಯಿತು. ಮೊದಲ ಮರದಲ್ಲಿ ಎಲ್ಲ ಸಲೀಸಾಗಿ ಆಯಿತು. ಎರಡನೇ ಮರದಲ್ಲಿ ಏಣಿಯನ್ನು ಪಡುವಣಕ್ಕೆ ಒರಗಿಸಿ, ಕೈ ಚಾಚಿ ಮೂಡಣ ಬದಿಯ ಬಳ್ಳಿಯನ್ನೇ ಮೊದಲು ಕತ್ತರಿಸಿದೆ. ಅಲ್ಲಿಯವರೆಗೆ ಎರಡು ಬದಿಯ ಭಾರ ಹೇಗೋ ತೂಗಿಕೊಂಡಿತ್ತು. ಆ ಕಡೆಯದು ಹೋದ ತಕ್ಷಣ, ಪಡುವಣ ಬದಿಯ ರಾಶಿಯೊಂದಿಗೆ ಮರ ನನ್ನ ಕಡೆಗೆ ಒಂದು ಗೇಣು ಬಂತು. ಕೆಳಗಿನಿಂದ ಅವಳು "ಇಳೀರಣ್ಣೋ!" ಎಂದು ಕೂಗಿದಳು. ಇಳಿದೆ. ಬೆಂಚಿನ ಮೇಲೆ ಕೂತೆ. ಕತ್ತರಿಯನ್ನು ಪಕ್ಕಕ್ಕಿಟ್ಟೆ. ಮರ ಬಿದ್ದ ದಿನ ಕಂಡದ್ದು ಮತ್ತೆ ಕಣ್ಣ ಮುಂದೆ ಬಂತು, ಮರ ವಾಲಿ ನಿಂತ ಆ ಕ್ಷಣ.

ಸೀಬೆಹಣ್ಣು ಕೀಳುವ ದೋಟಿಯೊಂದು ಅಡುಗೆಮನೆಯ ಹಿಂದೆ ಇತ್ತು. ಅವಳು ಅದನ್ನು ತಂದು ದೂರದಲ್ಲಿ ನಿಂತು, ಪಡುವಣ ಬದಿಯ ಬಳ್ಳಿಯನ್ನು ಒಂದೊಂದೇ ಎಳೆ ಕೊಕ್ಕೆಗೆ ಸಿಕ್ಕಿಸಿ ಕೆಳಗೆ ಇಳಿಸತೊಡಗಿದಳು. ಅರ್ಧ ಗಂಟೆಯಲ್ಲಿ ಮರ ತನ್ನ ಜಾಗಕ್ಕೆ ಮರಳಿತು. ಆಮೇಲೆ ನಾವು ಕ್ರಮ ಬದಲಿಸಿದೆವು. ಮೊದಲು ಗಾಳಿ ಬರುವ ಬದಿಯಿಂದ ಎರಡು ಎಳೆ, ಆಮೇಲೆ ಎದುರು ಬದಿಯಿಂದ ಒಂದು, ಮತ್ತೆ ಎರಡು, ಮತ್ತೆ ಒಂದು. ಪ್ರತಿ ಮರಕ್ಕೂ ಗಟ್ಟಿಯಾದ ಎರಡೇ ಎಳೆ ಉಳಿಸಿ, ಅವನ್ನು ಮೂಡಣ ಬದಿಯ ಕವಲಿಗೆ ತಿರುಗಿಸಿ ಕಟ್ಟಿದೆವು. ಉಳಿದ ಎಲ್ಲ ಚಿಗುರನ್ನೂ ಎರಡನೇ ಜೊತೆ ಎಲೆಯ ಮೇಲೆ ಮುರಿದೆವು.

ಮುರಿಯುವುದು ಅವಳ ಕೆಲಸ. ಹೆಬ್ಬೆರಳು ಕೆಳಗೆ, ತೋರುಬೆರಳು ಮೇಲೆ, ಚಿಗುರನ್ನು ಬಗ್ಗಿಸಿ ಒಂದು ಸಣ್ಣ ತಿರುವು. ನಾನು ಕತ್ತರಿಯಿಂದ ಒಂದು ಮರ ಮುಗಿಸುವಷ್ಟರಲ್ಲಿ ಅವಳು ಮೂರು ಮುಗಿಸುತ್ತಿದ್ದಳು. "ಕತ್ರಿ ಆಕುದ್ರೆ ತುದಿ ಒಣಗ್ತದೆ ಕಣಣ್ಣ. ಬೆರಳಿಗಾದ್ರೆ ಎಲ್ಲಿ ಎಳೇದು, ಎಲ್ಲಿ ಬಲ್ತದ್ದು ಗೊತ್ತಾಯ್ತದೆ" ಅಂದಳು. ಇಪ್ಪತ್ತು ವರ್ಷ ಕತ್ತರಿ ಹಿಡಿದವನಿಗೆ ಹಾಗೆ ಹೇಳುವಾಗ ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆ ಇರಲಿಲ್ಲ. ಅರಳಿದ ಗೊಂಚಲುಗಳು ಕಾಲಡಿಯಲ್ಲಿ ರಾಶಿ ಬಿದ್ದವು. ಒಳಗಿನಿಂದ ಬಂದ ಬಾಣಂತಿಯರ ಮನೆಯವರು, "ಅಯ್ಯೋ, ಇವ್ರಿಗೇನ್ ಬಂದದೆ!" ಎನ್ನುತ್ತ ಅವನ್ನು ಮಡಿಲಲ್ಲಿ ತುಂಬಿಕೊಂಡು ಹೋದರು.

ಉದ್ಘಾಟನೆಯ ದಿನ ಅಂಗಳದಲ್ಲಿ ಏಳು ಬೋಳು ಬೋಳಾದ ಮರಗಳು, ಸುತ್ತ ಹಗ್ಗ. ಬಂದ ಅತಿಥಿಗಳಲ್ಲಿ ಒಬ್ಬರು, "ಈ ಮರಗಳಿಗೆ ಏನಾದರೂ ರೋಗವೇ?" ಎಂದು ಕೇಳಿದರು. ಕಾರ್ಯದರ್ಶಿಗಳು ಶಾಲು ಸರಿಮಾಡಿಕೊಂಡು, "ರೋಗ ಅಲ್ಲ ಸಾರ್, ಕುಡಿ ಮುರಿಸಿದ್ದೀವಿ. ಸೊಪ್ಪು ಬೆಳೆಯೋರನ್ನ ಕೇಳಿ, ಹೇಳ್ತಾರೆ" ಅಂದರು. ಡಾಕ್ಟರಮ್ಮ ಮುಖ ಆ ಕಡೆ ತಿರುಗಿಸಿ ನಕ್ಕರು.

ಎಂಟು ದಿನಕ್ಕೊಮ್ಮೆ ದಾರ ಇಳಿಬಿಟ್ಟೆ. ಮೊದಲ ಸಲ ಯಾವುದೂ ಕದಲಿರಲಿಲ್ಲ. ಎರಡನೇ ಸಲ, ಹಿಂದಿನ ಸಾಲಿನ ಕೊನೆಯ ಮರ ಅರ್ಧ ಬೆರಳು ಹೆಚ್ಚು ವಾಲಿತ್ತು. ಮೂರು ಸಲ ಅಳೆದೆ. ಅವಳನ್ನು ಕರೆದು ಅಳೆಸಿದೆ. ಅವಳ ಬೆರಳು ಸಣ್ಣ, ಅದಕ್ಕೆ ಇನ್ನೂ ಹೆಚ್ಚೇ ಬಂತು.

"ಗಾಳಿ ಕಮ್ಮಿ ಆಗ್ತಾ ಬಂತು, ಈ ವರ್ಸ ದಾಟ್ತದೆ ಬುಡಣ್ಣ. ಯಾರಿಗೂ ಏಳ್ಬೇಡಿ" ಅಂದಳು.

ಅದು ದಾಟುತ್ತಿತ್ತೋ ಏನೋ. ನನಗೂ ಹಾಗೇ ಅನ್ನಿಸಿತು. ಆದರೆ ನಾನು ಬರೆದುಕೊಟ್ಟಿದ್ದು ಅರ್ಧ ಬೆರಳು, ಅಳತೆಯಲ್ಲಿ ಬಂದಿದ್ದೂ ಅರ್ಧ ಬೆರಳು. ರಸ್ತೆ ದಾಟಿ ಹೋಗಿ ಹೇಳಿದೆ. ಮಾರನೇ ದಿನ ಅದನ್ನು ಕಡಿಸಿದರು. ಕಡಿಯುವಾಗ ನಾನು ಅಲ್ಲೇ ನಿಂತಿದ್ದೆ. ಕಾರ್ಯದರ್ಶಿಗಳು ಉಳಿದ ಆರು ಮರಗಳ ಬಗ್ಗೆ ಆಮೇಲೆ ಒಂದು ದಿನವೂ ನನ್ನನ್ನು ಪ್ರಶ್ನೆ ಕೇಳಲಿಲ್ಲ. ಭಾದ್ರಪದ ಕಳೆಯುತ್ತಿದ್ದಂತೆ ಅವರೇ ಹಗ್ಗ ಬಿಚ್ಚಿಸಿದರು.

ಮುರಿದ ಪ್ರತಿ ತುದಿಯಿಂದ ಎರಡು ಮೂರು ಕವಲು ಬಂದು, ದಸರೆ ಕಳೆದ ಮೇಲೆ ಎಲ್ಲ ಒಟ್ಟಿಗೆ ಹೂ ಬಿಟ್ಟವು. ಗೊಂಚಲು ಮೊದಲಿಗಿಂತ ಸಣ್ಣ, ಸಂಖ್ಯೆ ಹೆಚ್ಚು. ಅದೇ ಹೊತ್ತಿಗೆ ಮಂದಾರವೂ ಅರಳಿತು. ಎರಡೂ ಬೇರೆ ಬೇರೆ ಕಾಲದಲ್ಲಿ ಅರಳಬೇಕೆಂದು ನಾನು ಹಾಕಿದ್ದ ಲೆಕ್ಕ ಅಲ್ಲಿಗೆ ಮುಗಿಯಿತು. ಅದನ್ನು ಯಾರೂ ದೂರಲಿಲ್ಲ. ಅಂದಿನಿಂದ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಎಲ್ಲೇ ಬಳ್ಳಿ ಹಬ್ಬಿಸಿದರೂ ಗುಂಡಿಯನ್ನು ಮೂಡಣ ಬದಿಗೇ ತೋಡಿಸುತ್ತೇನೆ. ಯುಗಾದಿಯಿಂದ ಆಷಾಢ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಕುಡಿ ಮುರಿಸುತ್ತೇನೆ, ಬೆರಳಿನಲ್ಲೇ. ಬೇಸಿಗೆಯ ಹೂವನ್ನು ಬಿಟ್ಟುಕೊಡಲು ಒಪ್ಪದವರ ಕೆಲಸವನ್ನು ಹಿಡಿಯುವುದಿಲ್ಲ. ಈ ಕ್ರಮದಲ್ಲಿ ಬೆಳೆಸಿದ ಮರ ಒಂದೂ ಬಿದ್ದಿಲ್ಲ.

ಮಾರನೇ ವರ್ಷ ಆಷಾಢದಲ್ಲಿ ನಾನು ಕೆಲಸವಿಲ್ಲದಿದ್ದರೂ ಒಂದು ದಿನ ಅಲ್ಲಿಗೆ ಹೋದೆ. ಸೋನೆ ಹಿಡಿದು ಮೂರನೇ ದಿನ. ಗಾಳಿ ಹಿಂದಿನ ವರ್ಷದ್ದೇ. ಆರು ಮರಗಳ ಕೆಳಗೂ ಜನ ಕೂತಿದ್ದರು. ನಾನು ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು ಒಂದೊಂದೇ ಬುಡ ನೋಡಿದೆ. ನೆಲ ಬಿರಿದಿರಲಿಲ್ಲ. ಆದರೂ ಕಾಲು ಮುಂದಕ್ಕೆ ಹೋಗಲಿಲ್ಲ.

ಮುಂದಿನ ಸಾಲಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಗಂಟು ಎತ್ತಿಕೊಂಡು ಜಾಗ ಮಾಡಿ, "ಬಾರಪ್ಪ, ಅಲ್ಯಾಕ್ ನೆನೀತಾ ನಿಂತೀಯೆ? ನಿಮ್ಮನೇವ್ರದ್ದು ಇನ್ನೂ ಆಗ್ನಿಲ್ವಾ?" ಅಂದಳು.

"ನಾನು ಮರ ನೋಡೋಕೆ ಬಂದವನು ಅಜ್ಜಿ."

"ಮರಕ್ಕೇನಾಗದೆ? ನೆಟ್ಗವೆ. ಕುಂತ್ಕೊ."

ಹೋಗಿ ಕೂತೆ. ಮೊದಲು ಬೆಂಚಿನ ತುದಿಯಲ್ಲಿ. ಅಜ್ಜಿ ತನ್ನ ಮಗಳ ವಿಷಯ, ಇದು ಎರಡನೆಯದು, ಮೊದಲನೆಯದು ಗಂಡು, ಎಲ್ಲ ಹೇಳಿದಳು. ನಾನು ಕೇಳಿಸಿಕೊಳ್ಳುತ್ತ ನಿಧಾನಕ್ಕೆ ಹಿಂದಕ್ಕೆ ಸರಿದು ಕಾಂಡಕ್ಕೆ ಬೆನ್ನು ಕೊಟ್ಟೆ. ಗಾಳಿ ಬಂದಾಗ ಅದು ಬೆನ್ನನ್ನು ಒತ್ತಿತು, ಗಾಳಿ ಹೋದಾಗ ಬಿಟ್ಟಿತು. ಮತ್ತೆ ಒತ್ತಿತು, ಮತ್ತೆ ಬಿಟ್ಟಿತು. ಮಧ್ಯಾಹ್ನದ ಬಸ್ಸು ಹೋಗುವವರೆಗೆ ಹಾಗೇ ಕೂತಿದ್ದೆ.